ರೇಡಿಯೊ ಮಾತಾಡದ ಎಂಟು ಗಂಟೆ

"ಎಂಟು ಗಂಟೆ! ನೀನು! ಬಾಯಿ ಮುಚ್ಕೊಂಡು!"

ಬೇಕರಿ ಮಾಮ ನಕ್ಕು ನಕ್ಕು ಗಲ್ಲಾಪೆಟ್ಟಿಗೆಯ ಮೇಲೆ ಒರಗಿಬಿಟ್ಟ. ಬ್ರೆಡ್ಡು ಕೊಳ್ಳಲು ಬಂದಿದ್ದ ಇಬ್ಬರು ಹೆಂಗಸರು ಏನಾಯಿತೋ ಎಂದು ತಿರುಗಿ ನೋಡಿದರು.

"ನಗಬೇಡಿ ಮಾಮಾ, ನಾನು ಸೀರಿಯಸ್ಸಾಗಿ ಹೇಳ್ತಿದೀನಿ. ನಾಳೆ ಶನಿವಾರ ಬೆಳಿಗ್ಗೆ ಎಂಟರಿಂದ ನಾಲ್ಕು ಗಂಟೆವರೆಗೆ ನಾನು ಒಂದು ಮಾತೂ ಆಡಲ್ಲ. ಎಷ್ಟು ಗಂಟೆ ಸುಮ್ನಿರ್ತೀನೋ ಅಷ್ಟು ಗಂಟೆಗೆ ನೀವು ದುಡ್ಡು ಕೊಡ್ಬೇಕು. ನನಗಲ್ಲ ಮತ್ತೆ! ಸಮುದ್ರದಾಚೆ ಒಂದು ದೇಶದಲ್ಲಿ ಪ್ರವಾಹ ಬಂದು ಸ್ಕೂಲೆಲ್ಲ ಕೊಚ್ಕೊಂಡು ಹೋಗಿದೆ, ಮಕ್ಕಳು ಟೆಂಟಲ್ಲಿ ನೆಲದ ಮೇಲೆ ಕೂತು ಓದ್ತಾರೆ, ನಮ್ಮ ಮಿಸ್ ಫೋಟೊ ತೋರಿಸಿದ್ರು, ಒಂದು ಪೆನ್ಸಿಲ್ನ ಮೂರು ತುಂಡು ಮಾಡಿ ಮೂರು ಜನ ಬರೀತಾರಂತೆ, ಅವರಿಗೆ ಬೆಂಚು ಪುಸ್ತಕ ಎಲ್ಲ ಕೊಡಿಸೋ ಒಂದು ಸಂಸ್ಥೆ ಇದೆ, ನಮ್ಮ ಸ್ಕೂಲಿಂದ ಅದಕ್ಕೆ..."

"ಉಸಿರು ತಗೋ ಮಗಳೇ, ಉಸಿರು!"

ಹತ್ತು ವರ್ಷದ ಈ ಹುಡುಗಿಯನ್ನು ಬೀದಿಯವರೆಲ್ಲ ರೇಡಿಯೊ ಎಂದು ಕರೆಯುವುದು ಸುಮ್ಮನೆ ಅಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಶುರುವಾದರೆ ರಾತ್ರಿ ದಿಂಬಿಗೆ ತಲೆ ಕೊಟ್ಟ ಮೇಲೆಯೇ ನಿಲ್ಲುವುದು. ಬ್ರಷ್ಷು ಬಾಯಲ್ಲಿದ್ದಾಗಲೂ ಮಾತಾಡುತ್ತಾಳೆ ಎಂಬುದು ಅವಳ ಅಪ್ಪನ ದೂರು.

"ಸರಿ, ಗಂಟೆಗೆ ಹತ್ತು ಅಂತ ಬರ್ಕೋ," ಎಂದು ಮಾಮ ಅವಳ ಹಾಳೆಗೆ ಸಹಿ ಹಾಕಿದ. "ಹೇಗಿದ್ರೂ ಕೊಡೋ ಪ್ರಸಂಗ ಬರಲ್ಲ. ಎಂಟೂಕಾಲಿಗೆ ನೀನು ಔಟ್."

ರೇಡಿಯೊಗೆ ಕೋಪ ಬಂತು. ನಾಳೆ ಎಲ್ಲರ ಬಾಯಿ ಮುಚ್ಚಿಸಬೇಕು ಎಂದುಕೊಂಡು ಅವಳು ಮನೆಗೆ ಓಡಿದಳು.

ಅವಳ ಮನೆಯ ಮುಂದಿನ ಕೋಣೆಯೇ ಅಮ್ಮನ ಹೊಲಿಗೆ ಅಂಗಡಿ. ಅಲ್ಲಿ ಎರಡು ಮಿಷನ್ನು, ಬಟ್ಟೆ ಕತ್ತರಿಸುವ ಉದ್ದ ಮೇಜು, ಮೂಲೆಯಲ್ಲಿ ಇಸ್ತ್ರಿ ಮೇಜು ಇವೆ. ಇಸ್ತ್ರಿ ಮೇಜಿನ ಯಜಮಾನಿ ಇಸ್ತ್ರಿ ಅಜ್ಜಿ. ರೇಡಿಯೊ ಹುಟ್ಟುವ ಮೊದಲಿನಿಂದ ಆಕೆ ಇಲ್ಲಿ ಗುಂಡಿ ಹಚ್ಚುತ್ತಾ, ಹೊಲಿದದ್ದಕ್ಕೆಲ್ಲ ಇಸ್ತ್ರಿ ಹಾಕುತ್ತಾ ಇದ್ದಾರೆ. ಅಮ್ಮ ಆಕೆಯನ್ನು ದೊಡ್ಡಮ್ಮ ಎನ್ನುತ್ತಾಳೆ, ರೇಡಿಯೊ ಅಜ್ಜಿ ಎನ್ನುತ್ತಾಳೆ. ನಿಜಕ್ಕೂ ಅವರು ನೆಂಟರಲ್ಲ, ಆದರೆ ಅದು ಯಾರಿಗೂ ನೆನಪಿಲ್ಲ.

ಆ ಇಸ್ತ್ರಿಪೆಟ್ಟಿಗೆಗೂ ಅಜ್ಜಿಗೂ ಬಹಳ ವರ್ಷದ ಸ್ನೇಹ. ಬಿಸಿ ಹೆಚ್ಚು ಕಡಿಮೆ ಮಾಡುವ ನಾಬಿನ ಮೇಲಿದ್ದ ಅಕ್ಷರಗಳೆಲ್ಲ ಎಂದೋ ಅಳಿಸಿಹೋಗಿವೆ. ಅಜ್ಜಿ ಶಬ್ದ ಎಣಿಸುತ್ತಾರೆ. ಸೊನ್ನೆಯಿಂದ ಒಂದು ಸಲ 'ಟಕ್' ಅಂದರೆ ನೈಲಾನು. ಎರಡು ಅಂದರೆ ರೇಷ್ಮೆ. ಮೂರು ಉಣ್ಣೆ, ನಾಲ್ಕು ಹತ್ತಿ. ಐದಕ್ಕೆ ಹೋದರೆ ಬೆಂಕಿಯೇ ಸರಿ, ಅದು ದಪ್ಪ ಕ್ಯಾನ್ವಾಸಿಗೆ ಮಾತ್ರ. ಹಾಗಾಗಿ ಈ ಅಂಗಡಿಯಲ್ಲಿ ಒಂದು ಕಾನೂನಿದೆ. ಇಸ್ತ್ರಿಪೆಟ್ಟಿಗೆ ಮುಟ್ಟಿದವರು ಕೆಲಸ ಮುಗಿದ ಮೇಲೆ ನಾಬನ್ನು ಸೊನ್ನೆಗೆ ತಿರುಗಿಸಿಯೇ ಏಳಬೇಕು. ಇಲ್ಲದಿದ್ದರೆ ಮುಂದೆ ಬಂದವರ ಎಣಿಕೆ ತಪ್ಪುತ್ತದೆ. ರೇಡಿಯೊಗೆ ಇನ್ನೊಂದು ಕಾನೂನೂ ಇದೆ. ಅವಳು ಇಸ್ತ್ರಿಪೆಟ್ಟಿಗೆಯನ್ನು ಮುಟ್ಟಲೇಬಾರದು.

"ಅಜ್ಜೀ, ನೀವೂ ಸಹಿ ಹಾಕಿ!"

ಅಜ್ಜಿ ಹತ್ತಿ ಪರದೆಯೊಂದಕ್ಕೆ ಇಸ್ತ್ರಿ ಹಾಕುತ್ತಿದ್ದರು. ರೇಡಿಯೊ ಹೇಳಿದ್ದನ್ನೆಲ್ಲ ಕೇಳಿ, "ಗಂಟೆಗೆ ಐವತ್ತು ಬರ್ಕೋ," ಎಂದರು.

"ಅಯ್ಯೋ ದೊಡ್ಡಮ್ಮ, ಅಷ್ಟೆಲ್ಲ ಯಾಕೆ?" ಎಂದಳು ಅಮ್ಮ.

"ನಾನು ಓದಿದ್ದು ಮೂರನೇ ಕ್ಲಾಸು. ಅದೂ ನೆಲದ ಮೇಲೆ ಕೂತು. ಯಾವುದೋ ಊರಿನ ಮಕ್ಕಳು ಬೆಂಚಿನ ಮೇಲೆ ಕೂತ್ಕೊಳ್ಳಲಿ ಬಿಡು."

"ಬೇಕರಿ ಮಾಮ ಹತ್ತೇ ಬರ್ಸಿರೋದು ಅಜ್ಜಿ. ನಾನು ಎಂಟೂಕಾಲಿಗೆ ಔಟ್ ಅಂತೆ!"

"ಅವನಿಗೆ ನಿನ್ನ ಮೇಲೆ ನಂಬಿಕೆ ಇಲ್ಲ. ನನಗಿದೆ," ಎಂದು ಅಜ್ಜಿ ಪರದೆ ಮಡಚಿಟ್ಟರು. ಆಮೇಲೆ ನಾಬು ತಿರುಗಿಸಿದರು. ಟಕ್, ಟಕ್, ಟಕ್, ಟಕ್. "ಸೊನ್ನೆ," ಎಂದು ತಮ್ಮಷ್ಟಕ್ಕೆ ತಾವೇ ಹೇಳಿಕೊಂಡು, ಚೀಲ ಎತ್ತಿಕೊಂಡು ಮನೆಗೆ ಹೊರಟರು.

ಶನಿವಾರ ಬೆಳಿಗ್ಗೆ ಎದ್ದಾಗ ರೇಡಿಯೊ ಮಾಡಿದ ಮೊದಲ ಕೆಲಸ ದಿಂಬಿನ ಕೆಳಗೆ ಕೈ ಹಾಕಿದ್ದು. ಎದೆಗೆ ಅಡ್ಡಲಾಗಿ ಹಾಕಿಕೊಳ್ಳಲು ಮಿಸ್ ಎಲ್ಲರಿಗೂ ಒಂದೊಂದು ಬಿಳಿ ಹತ್ತಿ ಪಟ್ಟಿ ಕೊಟ್ಟಿದ್ದರು. 'ಇವತ್ತು ನಾನು ಮಾತಾಡುವುದಿಲ್ಲ' ಎಂದು ಅದರ ಮೇಲೆ ಮಾರ್ಕರಿನಲ್ಲಿ ಅವಳೇ ಬರೆದಿದ್ದಳು. ರಾತ್ರಿಯೆಲ್ಲ ದಿಂಬಿನಡಿ ಇಟ್ಟುಕೊಂಡು ಮಲಗಿದ್ದರಿಂದ ಪಟ್ಟಿ ಮುದುರಿ ಹಾಳಾಗಿತ್ತು. 'ಮಾತಾಡುವುದಿಲ್ಲ' ಎಂಬುದು ಓದಲಿಕ್ಕೇ ಬರುತ್ತಿರಲಿಲ್ಲ.

ಅಪ್ಪ ಬೆಳಗಿನ ಬಸ್ಸು ಓಡಿಸಲು ಆಗಲೇ ಡಿಪೋಗೆ ಹೋಗಿದ್ದ. ಅಮ್ಮ ಅಡುಗೆಮನೆಯಲ್ಲಿದ್ದಳು. ರೇಡಿಯೊ ಸದ್ದಿಲ್ಲದೆ ಮುಂದಿನ ಕೋಣೆಗೆ ಹೋಗಿ ಇಸ್ತ್ರಿಪೆಟ್ಟಿಗೆಯ ಪ್ಲಗ್ ಹಾಕಿದಳು. ನಾಲ್ಕು ಸಲ ಟಕ್ ಅನ್ನಿಸಿದಳು. ಪಟ್ಟಿ ಎರಡೇ ನಿಮಿಷದಲ್ಲಿ ಹೊಸದಾಯಿತು.

"ಎಲ್ಲಿದೀಯೇ? ಹಾಲು ಆರಿಹೋಗ್ತಿದೆ!"

ರೇಡಿಯೊ ಪ್ಲಗ್ ಕಿತ್ತು, ಪಟ್ಟಿ ಎತ್ತಿಕೊಂಡು ಅಡುಗೆಮನೆಗೆ ಓಡಿದಳು. ನಾಬು ನಾಲ್ಕರಲ್ಲೇ ಉಳಿಯಿತು.

ಎಂಟು ಗಂಟೆಗೆ ಮೌನ ಶುರುವಾಯಿತು. ಕೊರಳಿಗೆ ದಾರ ಕಟ್ಟಿದ ಒಂದು ಪುಟ್ಟ ನೋಟ್‌ಬುಕ್ಕು, ಪೆನ್ಸಿಲ್ಲು. "ತೀರಾ ಅಗತ್ಯ ಇದ್ರೆ ಬರೆದು ತೋರಿಸಬಹುದು. ಆದ್ರೆ ಬರೆದು ಬರೆದು ಹರಟೆ ಹೊಡೆಯೋ ಹಾಗಿಲ್ಲ," ಎಂದು ಮಿಸ್ ಹೇಳಿದ್ದರು. ಪ್ರತಿ ಗಂಟೆಗೂ ಅಮ್ಮ ಹಾಳೆಯಲ್ಲಿ ಸಹಿ ಹಾಕಬೇಕಿತ್ತು.

ಎಂಟೂಕಾಲಿಗೆ ಸರಿಯಾಗಿ ಬೇಕರಿ ಮಾಮ ಬಾಗಿಲಲ್ಲಿ ಹಾಜರು. "ಏನಮ್ಮಾ ರೇಡಿಯೊ, ಏಳೆಂಟಲ ಎಷ್ಟು?" ಎಂದ. "ನಿನ್ನ ತಲೆ ಮೇಲೆ ಜೇಡ ಇದೆ ನೋಡು!" ಎಂದ. ರೇಡಿಯೊ ತುಟಿ ಬಿಗಿಹಿಡಿದು, ಮೂಗಿನಿಂದ ಬುಸ್ ಬುಸ್ ಉಸಿರು ಬಿಡುತ್ತಾ ಕೂತಳು. ಅಮ್ಮ ನಗು ತಡೆಯಲಾರದೆ ಮಿಷನ್ನಿನ ಮೇಲೆ ಬಗ್ಗಿದಳು. ಕೊನೆಗೆ ಮಾಮನೇ ಸೋತು, ಒಂದು ಬನ್ನು ಕೊಟ್ಟು ಹೋದ.

ಅಜ್ಜಿ ಒಂಬತ್ತಕ್ಕೆ ಬಂದರು. ಅವತ್ತಿನ ದೊಡ್ಡ ಕೆಲಸ ಡಾಕ್ಟರಮ್ಮನ ಮಗಳ ಫ್ರಾಕು. ಆ ಹುಡುಗಿ ಸಾಯಂಕಾಲ ಸ್ಟೇಜಿನ ಮೇಲೆ ಹಾಡಬೇಕಿತ್ತು. ಆಕಾಶದ ಬಣ್ಣದ ತೆಳು ನೈಲಾನು, ಮೂರು ಸುತ್ತು ನೆರಿಗೆ. ಅಮ್ಮ ಒಂದು ವಾರ ಕೂತು ಹೊಲಿದಿದ್ದಳು. ಅಜ್ಜಿ ಅದಕ್ಕೆ ಹನ್ನೆರಡು ಪುಟ್ಟ ಗುಂಡಿ ಹಚ್ಚಿ ಮುಗಿಸುವಾಗ ಹನ್ನೊಂದಾಗಿತ್ತು.

ಆಕೆ ಇಸ್ತ್ರಿ ಮೇಜಿನ ಮೇಲೆ ಫ್ರಾಕು ಹರಡಿದರು. ಪ್ಲಗ್ ಹಾಕಿದರು. ನಾಬು ತಿರುಗಿಸಿದರು.

ಟಕ್. ಒಂದೇ ಸಲ.

ಆ ಶಬ್ದ ಕೇಳಿದಾಗ ರೇಡಿಯೊ ಬನ್ನಿನ ಕೊನೆಯ ತುಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಏನೋ ತಪ್ಪಾಗಿದೆ ಎಂದು ಅನ್ನಿಸಿತು, ಏನೆಂದು ಹೊಳೆಯಲಿಲ್ಲ. ಅಜ್ಜಿ ಇಸ್ತ್ರಿಪೆಟ್ಟಿಗೆ ಕಾಯಲು ಬಿಟ್ಟು, ನೆರಿಗೆ ಸರಿಮಾಡಿದರು. ಆಮೇಲೆ ಅದನ್ನೆತ್ತಿ ಬಟ್ಟೆಯ ಮೇಲೆ ಇಟ್ಟರು.

ಚುರ್ ಎಂದಿತು. ಕೆಟ್ಟ ವಾಸನೆ ಕೋಣೆ ತುಂಬಿತು. ಅಜ್ಜಿ ಇಸ್ತ್ರಿಪೆಟ್ಟಿಗೆ ಎತ್ತಿದರೆ ಅದರ ಜೊತೆಗೇ ಕರಗಿದ ಬಟ್ಟೆ ಎಳೆ ಎಳೆಯಾಗಿ ಎದ್ದು ಬಂತು. ಫ್ರಾಕಿನ ಮುಂಭಾಗದಲ್ಲಿ ಅಂಗೈಗಿಂತ ದೊಡ್ಡ ತೂತು.

"ಅಯ್ಯಯ್ಯೋ!" ಅಮ್ಮ ಮಿಷನ್ನು ಬಿಟ್ಟು ಎದ್ದು ಬಂದಳು. "ದೊಡ್ಡಮ್ಮ! ಏನು ಮಾಡಿದ್ರಿ?"

"ಒಂದೇ... ಒಂದೇ ಸಲ ತಿರುಗಿಸಿದೆ ಕಣೇ. ಒಂದೇ ಸಲ."

ಅಮ್ಮ ಪ್ಲಗ್ ಕಿತ್ತು, ನಾಬನ್ನು ಸೊನ್ನೆಯವರೆಗೆ ತಿರುಗಿಸುತ್ತಾ ಟಕ್ ಎಣಿಸಿದಳು. "ಐದರಲ್ಲಿತ್ತು. ಮೊದಲೇ ನಾಲ್ಕರಲ್ಲಿತ್ತು ಅನ್ಸುತ್ತೆ. ನೆನ್ನೆ ಕೊನೇಲಿ ಪರದೆ ಮಾಡಿದ್ರಲ್ಲ, ಸೊನ್ನೆಗೆ ತಿರುಗಿಸಿರಲಿಲ್ವಾ?"

"ತಿರುಗಿಸಿದ್ದೆ! ತಿರುಗಿಸಿದ್ದು ನೆನಪಿದೆ ನನಗೆ." ಅಜ್ಜಿ ತಮ್ಮ ಕೈಯನ್ನೇ ನೋಡಿಕೊಂಡರು. "ತಿರುಗಿಸಿದ್ದೆ ಅಂತ... ಅಂದ್ಕೊಂಡಿದೀನಿ."

ಆಕೆ ಸ್ಟೂಲಿನ ಮೇಲೆ ಕುಸಿದು ಕೂತು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮುಖ ಬಿಳಿಚಿಕೊಂಡಿತ್ತು. "ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು," ಎಂದರು ಸಣ್ಣ ದನಿಯಲ್ಲಿ. "ಮಾಡಿದ್ದೆ ಅಂತಿದ್ಳು, ನೋಡಿದ್ರೆ ಮಾಡಿರ್ತಿರ್ಲಿಲ್ಲ. ಕೊನೆಕೊನೆಗೆ ನನ್ನನ್ನೇ ಯಾರು ನೀನು ಅಂತ ಕೇಳಿದ್ಳು."

ಈಗ ರೇಡಿಯೊಗೆ ಎಲ್ಲವೂ ಹೊಳೆದಿತ್ತು. ನೆನ್ನೆ ಅಜ್ಜಿ ನಾಬು ತಿರುಗಿಸಿದ್ದನ್ನು ಅವಳೇ ಕಿವಿಯಾರೆ ಕೇಳಿದ್ದಳು. ನಾಲ್ಕು ಟಕ್, ಆಮೇಲೆ 'ಸೊನ್ನೆ'. ಮಿಷನ್ನಿನ ಸದ್ದಿನಲ್ಲಿ ಅಮ್ಮನಿಗೆ ಕೇಳಿಸಿರಲಿಲ್ಲ. ಅದು ಗೊತ್ತಿದ್ದದ್ದು ಇಡೀ ಪ್ರಪಂಚದಲ್ಲಿ ಅವಳೊಬ್ಬಳಿಗೆ.

ಕೈ ತಾನಾಗಿಯೇ ಕೊರಳಿನ ನೋಟ್‌ಬುಕ್ಕಿಗೆ ಹೋಯಿತು. 'ಅಮ್ಮಾ ನಾನು' ಎಂದು ಬರೆದಳು. ಪೆನ್ಸಿಲ್ಲು ನಿಂತಿತು. ಅಮ್ಮ ಕರಗಿದ ಬಟ್ಟೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ಒಂದು ವಾರದ ಕೆಲಸ. ಮುಟ್ಟಬೇಡ ಎಂದು ಎಷ್ಟು ಸಲ ಹೇಳಿದ್ದಳು!

"ಏನು ಬರೀತಿದೀಯೇ ನೀನು ಈ ಹೊತ್ತಲ್ಲಿ?" ಎಂದು ಅಮ್ಮ ತಿರುಗಿದಳು.

ರೇಡಿಯೊ ಆ ಪುಟವನ್ನು ಸರಕ್ಕನೆ ಮಗುಚಿದಳು. ಹೊಸ ಪುಟದಲ್ಲಿ ಗಡಿಬಿಡಿಯಲ್ಲಿ ಬರೆದು, ಅಜ್ಜಿಗೆ ತೋರಿಸಿದಳು. 'ನೀರು ಕೊಡ್ಲಾ ಅಜ್ಜಿ?'

ಅಜ್ಜಿ ಕಣ್ಣು ಕಿರಿದು ಮಾಡಿಕೊಂಡು ಓದಿದರು. ಆಮೇಲೆ ಅವಳ ಕೆನ್ನೆ ಸವರಿದರು. "ನೋಡೇ ಈ ಮಗೂನ. ಮನೇಲಿ ಇಷ್ಟೆಲ್ಲ ಆದ್ರೂ ಒಂದು ಮಾತಾಡ್ಲಿಲ್ಲ. ಹಿಡಿದ ಹಟ ಬಿಡ್ಲಿಲ್ಲ. ನನ್ನ ಚಿನ್ನ!"

ನೀರು ತರಲು ಅಡುಗೆಮನೆಗೆ ಹೋದ ರೇಡಿಯೊ ಅಲ್ಲಿ ಲೋಟ ಹಿಡಿದುಕೊಂಡು ಸುಮಾರು ಹೊತ್ತು ನಿಂತಳು. ಕೆನ್ನೆ ಉರಿಯುತ್ತಿತ್ತು. ನಾನು ಮಾತಾಡಬಾರದಲ್ಲ, ಮಿಸ್ ಹೇಳಿದ್ದಾರಲ್ಲ, ನಾಲ್ಕು ಗಂಟೆ ಆದ ಕೂಡಲೇ ಹೇಳಿಬಿಡ್ತೀನಿ ಎಂದು ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಳ್ಳುವಾಗ ಕೊರಳಿನ ನೋಟ್‌ಬುಕ್ಕು ಎದೆಗೆ ತಾಗುತ್ತಲೇ ಇತ್ತು. ಅವಳು ಅದನ್ನು ಪಟ್ಟಿಯ ಒಳಗೆ ತುರುಕಿದಳು.

ಅಮ್ಮ ಊಟ ಮಾಡಲಿಲ್ಲ. ಉಳಿದಿದ್ದ ಬಟ್ಟೆಯಲ್ಲಿ ಹೊಸ ಮುಂಭಾಗ ಕತ್ತರಿಸಿ, ತಲೆ ಎತ್ತದೆ ಹೊಲಿದಳು. ಎರಡು ಸುತ್ತಿನ ನೆರಿಗೆಗಷ್ಟೇ ಬಟ್ಟೆ ಸಾಲಿತು. ಅಜ್ಜಿ ಗುಂಡಿಗಳನ್ನು ಬಿಚ್ಚಿ ಮತ್ತೆ ಹಚ್ಚಿಕೊಟ್ಟರು. ಇಸ್ತ್ರಿಪೆಟ್ಟಿಗೆಯ ಕಡೆ ತಿರುಗಿಯೂ ನೋಡಲಿಲ್ಲ. ಇಸ್ತ್ರಿಯನ್ನು ಅಮ್ಮನೇ ಹಾಕಿದಳು.

ಮೂರು ಗಂಟೆಗೆ ಡಾಕ್ಟರಮ್ಮ ಬಂದರು. "ಮೂರು ನೆರಿಗೆ ಅಂತ ಹೇಳಿದ್ದೆನಲ್ಲ?" ಎಂದರು. ಅಮ್ಮ ಇಸ್ತ್ರಿ ಹಾಕುವಾಗ ಬಟ್ಟೆ ಸುಟ್ಟದ್ದನ್ನು ತಿಳಿಸಿ, ತಪ್ಪಾಯಿತೆಂದು ಹೇಳಿ, ಹೊಲಿಗೆಯ ದುಡ್ಡು ಬೇಡ ಎಂದಳು. ಡಾಕ್ಟರಮ್ಮ ಒಳಗೆ ಕೂತಿದ್ದ ಅಜ್ಜಿಯನ್ನು ಒಮ್ಮೆ ನೋಡಿ, "ವಯಸ್ಸಾದವರ ಕೈಗೆ ಇಂಥ ಕೆಲಸ ಯಾಕೆ ಕೊಡ್ತೀರಿ? ಇವತ್ತು ಬಟ್ಟೆ ಸುಟ್ಟಿತು, ನಾಳೆ ಮನೆ ಸುಟ್ರೆ?" ಎಂದರು. ಅವರು ಮೆಲ್ಲಗೇ ಹೇಳಿದ್ದರು. ಆದರೂ ಎಲ್ಲರಿಗೂ ಕೇಳಿಸಿತು.

ಗೋಡೆ ಗಡಿಯಾರ ನಾಲ್ಕು ಹೊಡೆಯಿತು.

"ಆಯ್ತು, ಗೆದ್ದೆ ನೀನು!" ಅಮ್ಮ ಕೊನೆಯ ಸಹಿ ಹಾಕಿ, ಬಲವಂತವಾಗಿ ನಕ್ಕಳು. "ಈಗ ಮಾತಾಡು. ಬೆಳಿಗ್ಗೆಯಿಂದ ಕೂಡಿಟ್ಟಿದ್ದೆಲ್ಲ ಒಟ್ಟಿಗೆ ಬರ್ಲಿ."

ಅಮ್ಮನೂ ಅಜ್ಜಿಯೂ ಅವಳ ಮುಖವನ್ನೇ ನೋಡಿದರು. ರೇಡಿಯೊ ಬಾಯಿ ತೆರೆದಳು. ಏನೂ ಬರಲಿಲ್ಲ.

"ಏನೇ ಇದು, ಸ್ವಿಚ್ಚೇ ಆಫ್ ಆಗೋಯ್ತಾ?" ಎಂದಳು ಅಮ್ಮ.

ಅಜ್ಜಿ ಪರ್ಸು ತೆಗೆದು, ಮಡಚಿಟ್ಟಿದ್ದ ನೋಟುಗಳನ್ನು ಅವಳ ಕೈಯಲ್ಲಿಟ್ಟರು. "ಎಂಟು ಗಂಟೇದು. ನಾನು ಹೇಳಿರಲಿಲ್ವಾ, ನನಗೆ ನಿನ್ನ ಮೇಲೆ ನಂಬಿಕೆ ಇದೆ ಅಂತ?" ಎಂದು ಚೀಲ ಎತ್ತಿಕೊಂಡು ಹೋದರು. ಬಾಗಿಲ ಹತ್ತಿರ ಒಮ್ಮೆ ನಿಂತು, ಚೀಲದೊಳಗೆ ಕೈ ಹಾಕಿ ಏನೇನಿದೆ ಎಂದು ತಡಕಾಡಿ ನೋಡಿಕೊಂಡರು.

ಭಾನುವಾರ ಹೇಳಬೇಕೆಂದುಕೊಂಡಳು. ಅಪ್ಪ ಮನೆಯಲ್ಲಿದ್ದ, ಆಗಲಿಲ್ಲ. ಅಪ್ಪ ಹೊರಗೆ ಹೋದ, ಆಗಲೂ ಆಗಲಿಲ್ಲ. ಹೊತ್ತು ಕಳೆದಷ್ಟೂ ಆ ಮಾತು ದಪ್ಪವಾಗುತ್ತಾ ಹೋಗಿ, ಬಾಯಿಂದ ಹೊರಗೆ ಬರಲು ಜಾಗವೇ ಸಾಲದಂತಾಯಿತು.

ಸೋಮವಾರ ಶಾಲೆಯಲ್ಲಿ ಮಿಸ್ ಅವಳನ್ನು ಮುಂದೆ ಕರೆದು ನಿಲ್ಲಿಸಿದರು. ಮೂವತ್ತೆರಡು ಮಕ್ಕಳಲ್ಲಿ ಎಂಟು ಗಂಟೆಯೂ ಸುಮ್ಮನಿದ್ದವಳು ಅವಳೊಬ್ಬಳೇ. ಅವಳ ಪಕ್ಕದಲ್ಲಿ ಕೂರುವ ಚೂಟಿ ಎಂಬ ಹುಡುಗ ಬೆಳಿಗ್ಗೆ ಎಂಟು ಹನ್ನೆರಡಕ್ಕೇ ನಾಯಿಯೊಂದಕ್ಕೆ "ಹಚಾ" ಎಂದು ಔಟಾಗಿದ್ದ.

"ಕ್ಲಾಸಿನಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡೋ ಹುಡುಗಿ!" ಎಂದರು ಮಿಸ್. ಅವರಿಗೆ ನಿಜಕ್ಕೂ ಹೆಮ್ಮೆಯಾಗಿತ್ತು. "ಆ ಮಕ್ಕಳಿಗೋಸ್ಕರ ಎಷ್ಟು ಕಷ್ಟಪಟ್ಟಿದ್ದಾಳೆ ನೋಡಿ. ಹೇಳಮ್ಮ, ತುಂಬಾ ಕಷ್ಟ ಆಗಿದ್ದು ಯಾವಾಗ?"

"ಹನ್ನೊಂದು ಗಂಟೆಗೆ ಮಿಸ್."

"ಹನ್ನೊಂದಕ್ಕೆ ಏನಾಯ್ತು?"

ಗೋಡೆಯ ಮೇಲೆ ಆ ದೂರದ ದೇಶದ ಫೋಟೊ ಇತ್ತು. ಟೆಂಟಿನಲ್ಲಿ ಕೂತ ಒಬ್ಬ ಹುಡುಗಿ ಪೆನ್ಸಿಲ್ಲಿನ ತುಂಡು ಹಿಡಿದು ನೇರವಾಗಿ ನೋಡುತ್ತಿದ್ದಳು. ರೇಡಿಯೊ ಅವಳಿಂದಲೂ ಕಣ್ಣು ತಪ್ಪಿಸಿದಳು.

"ಏನಿಲ್ಲ ಮಿಸ್."

ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು. ಚೂಟಿಯಂತೂ ಬೆಂಚಿನ ಮೇಲೆ ಎದ್ದು ನಿಂತು ತಟ್ಟಿದ. ರೇಡಿಯೊಗೆ ನೆಲದೊಳಗೆ ಇಳಿದುಹೋಗಬೇಕೆನಿಸಿತು. ಬೈದಿದ್ದರೂ ತಡೆದುಕೊಳ್ಳಬಹುದಿತ್ತು, ಈ ಚಪ್ಪಾಳೆಯನ್ನು ಅವಳಿಂದ ತಡೆದುಕೊಳ್ಳಲು ಆಗಲಿಲ್ಲ.

ಸಾಯಂಕಾಲ ಮನೆಗೆ ಬಂದರೆ ಇಸ್ತ್ರಿ ಮೇಜು ಖಾಲಿಯಾಗಿತ್ತು.

"ಅಜ್ಜಿ ಎಲ್ಲಮ್ಮ?"

"ಇನ್ಮೇಲೆ ಬರಲ್ಲ ಅಂತ ಹೇಳಿ ಕಳಿಸಿದಾರೆ." ಅಮ್ಮನ ದನಿ ಸಣ್ಣಗಿತ್ತು. "ನಾನೇ ಹೋಗಿ ಮಾತಾಡ್ತೀನಿ, ಈ ಕೋಟು ಮುಗಿಸಿಬಿಟ್ಟು. ಅಷ್ಟರೊಳಗೆ ನೀನು ಈ ಕನ್ನಡಕ ಕೊಟ್ಟು ಬಾ. ಶನಿವಾರ ಇಲ್ಲೇ ಮರೆತು ಹೋಗಿದಾರೆ. ಪಾಪ, ನಿಜವಾಗ್ಲೂ ಮರೆವು ಶುರುವಾಗಿದೆಯೋ ಏನೋ."

ರೇಡಿಯೊ ಕನ್ನಡಕ ತೆಗೆದುಕೊಂಡು ಹೊರಟಳು. ಅಜ್ಜಿಯ ಮನೆ ಎರಡು ಬೀದಿ ಆಚೆ, ಗಡಿಯಾರ ರಿಪೇರಿ ಅಂಗಡಿಯ ಮಹಡಿಯಲ್ಲಿ. ಒಂದೇ ಕೋಣೆ, ಒಂದು ಮೂಲೆಯಲ್ಲಿ ಅಡುಗೆ. ಅವಳು ನೂರಾರು ಸಲ ಬಂದಿದ್ದ ಜಾಗ. ಬಾಗಿಲು ತೆರೆದಿತ್ತು. ಒಳಗೆ ಕಾಲಿಟ್ಟವಳು ಅಲ್ಲೇ ನಿಂತಳು.

ಕೋಣೆಯ ತುಂಬ ಚೀಟಿ. ಹಳೆಯ ಕ್ಯಾಲೆಂಡರಿನ ಹಾಳೆ ಕತ್ತರಿಸಿ, ಹಿಂದಿನ ಬಿಳಿ ಭಾಗದಲ್ಲಿ ದಪ್ಪ ದಪ್ಪ ಅಕ್ಷರಗಳಲ್ಲಿ ಬರೆದು, ಎಲ್ಲ ಕಡೆ ಅಂಟಿಸಿದ್ದರು. ಸ್ಟೌ ಮೇಲಿನ ಗೋಡೆಯಲ್ಲಿ: 'ಆರಿಸಿದೆಯಾ?' ನಲ್ಲಿಯ ಪಕ್ಕ: 'ನಿಲ್ಲಿಸಿದೆಯಾ?' ಮಾತ್ರೆಯ ಡಬ್ಬಿಗೆ: 'ಬೆಳಿಗ್ಗೆ ಒಂದೇ.' ಬಾಗಿಲ ಒಳಗಡೆ, ಕಣ್ಣಿನ ಎತ್ತರಕ್ಕೆ: 'ಬೀಗ. ಬೀಗದ ಕೈ.'

"ಬಾ ಮಗು ಬಾ. ಕನ್ನಡಕ ತಂದ್ಯಾ? ಎರಡು ದಿನದಿಂದ ಹುಡುಕ್ತಿದೀನಿ, ಎಲ್ಲಿಟ್ಟೆ ಅಂತ ನೆನಪಾಗ್ಲಿಲ್ಲ ನೋಡು." ಅಜ್ಜಿ ಕನ್ನಡಕ ಹಾಕಿಕೊಂಡು ಮೇಜಿನ ಮೇಲಿನ ಒಂದು ರಟ್ಟಿನ ತುಂಡನ್ನು ಅವಳಿಗೆ ಕೊಟ್ಟರು. "ನೀನು ಸ್ಕೂಲಲ್ಲಿ ಓದೋಳು. ತಪ್ಪಿಲ್ದೆ ಬರೆದಿದೀನಾ ನೋಡಿ ಹೇಳು."

ಅದರಲ್ಲಿ ಅಜ್ಜಿಯ ಹೆಸರು ಮತ್ತು ಈ ಮನೆಯ ವಿಳಾಸ ಇತ್ತು. ಕೆಳಗೆ ಅಮ್ಮನ ಫೋನ್ ನಂಬರು.

"ಇದ್ಯಾಕೆ ಅಜ್ಜಿ?"

"ಪರ್ಸಲ್ಲಿ ಇಟ್ಕೊಳ್ಳೋಕೆ. ಮುಂದೆ ಎಲ್ಲಾದ್ರೂ ದಾರಿ ತಪ್ಪಿ ನಿಂತ್ರೆ, ಯಾರಾದ್ರೂ ಓದಿ ಮನೆಗೆ ತಂದು ಬಿಡ್ತಾರಲ್ಲ."

ರೇಡಿಯೊ ಅಳಲು ಶುರುಮಾಡಿದಳು. ಅಳುತ್ತಲೇ ಮಾತು ಹೊರಗೆ ಬಂತು. ತುಂಡು ತುಂಡಾಗಿ, ಹಿಂದುಮುಂದಾಗಿ. "ನಾನು ಅಜ್ಜಿ. ನಾನೇ. ಬೆಳಿಗ್ಗೆ ಪಟ್ಟಿಗೆ ಇಸ್ತ್ರಿ ಹಾಕ್ಕೊಂಡೆ... ಅಮ್ಮ ಕರೆದ್ಳು, ನಾಬು ತಿರುಗಿಸಲಿಲ್ಲ... ನಾಲ್ಕರಲ್ಲೇ ಬಿಟ್ಟೆ... ನೀವಲ್ಲ."

ಅಜ್ಜಿ ಅಲ್ಲಾಡದೆ ನಿಂತರು. "ಇನ್ನೊಂದ್ಸಲ ಹೇಳು."

ಅವಳು ಇನ್ನೊಂದು ಸಲ ಹೇಳಿದಳು. ಮೊದಲ ಸಲಕ್ಕಿಂತ ಅದು ಕಷ್ಟವಾಗಿತ್ತು.

"ಹಾಗಾದ್ರೆ ಶುಕ್ರವಾರ ನಾನು ಸೊನ್ನೆಗೆ ತಿರುಗಿಸಿದ್ದೆ?"

"ಹೂಂ ಅಜ್ಜಿ. ನಾನು ಕೇಳಿಸ್ಕೊಂಡೆ. ನಾಲ್ಕು ಸಲ ಟಕ್ ಅಂತು. 'ಸೊನ್ನೆ' ಅಂತಾನೂ ಅಂದ್ರಿ."

"ತಿರುಗಿಸಿದ್ದೆ!" ಅಜ್ಜಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಕಣ್ಣಿಂದ ನೀರು ಇಳಿಯಿತು. "ಅದೇ ಅಂದ್ಕೊಂಡೆ ನಾನು! ನನಗೆ ಚೆನ್ನಾಗಿ ನೆನಪಿತ್ತು. ನೆನಪಿತ್ತು ನನಗೆ!"

ಆಕೆ ಮಂಚದ ಮೇಲೆ ಕೂತು ಕಣ್ಣೊರೆಸಿಕೊಂಡರು. ನಗು ನಿಧಾನವಾಗಿ ನಿಂತಿತು. ಆಮೇಲೆ ರೇಡಿಯೊಳನ್ನು ನೋಡಿದರು.

"ಶನಿವಾರ ಹನ್ನೊಂದು ಗಂಟೆಗೇ ಗೊತ್ತಿತ್ತಾ ನಿನಗೆ?"

"ಹೂಂ."

"ನೀರು ಕೊಡ್ಲಾ ಅಂತ ಬರೆದು ತೋರಿಸ್ದೆಯಲ್ಲ, ಆಗ?"

"ಹೂಂ."

"ಇವತ್ತು ಸೋಮವಾರ," ಎಂದರು ಅಜ್ಜಿ.

"ಬೈರಿ ಅಜ್ಜಿ," ಎಂದಳು ರೇಡಿಯೊ.

"ಬೈಯೋಕೂ ಶಕ್ತಿ ಇಲ್ಲ ಕಣೇ ಈಗ. ಎರಡು ರಾತ್ರಿ ನಿದ್ದೆ ಮಾಡಿಲ್ಲ."

"ನಿಮ್ಮ ದುಡ್ಡು ವಾಪಸ್ ತಂದ್ಕೊಡ್ತೀನಿ. ಮಿಸ್‌ಗೆ ಹೇಳಿ ಇಸ್ಕೊಂಡು..."

"ಅದನ್ನ ನಿನಗೆ ಕೊಟ್ನಾ ನಾನು? ಬೆಂಚಿಗೆ ಕೊಟ್ಟಿದ್ದು. ಆ ಮಕ್ಕಳೇನು ತಪ್ಪು ಮಾಡಿದ್ವು? ಅದು ಅಲ್ಲೇ ಇರ್ಲಿ." ಅಜ್ಜಿ ಎದ್ದರು. "ಅಮ್ಮನಿಗೆ ಗೊತ್ತಾ?"

ರೇಡಿಯೊ ಇಲ್ಲವೆಂದು ತಲೆಯಾಡಿಸಿದಳು.

"ನೀನೇ ಹೇಳ್ಬೇಕು. ನಾನು ಜೊತೆಗೆ ಬರ್ತೀನಿ, ಆದ್ರೆ ನಾನು ಬಾಯಿ ಬಿಡಲ್ಲ. ಈಗ ನನ್ನ ಸರದಿ." ಅಜ್ಜಿ ಸ್ವಲ್ಪ ನಕ್ಕಂತೆ ಮಾಡಿದರು. "ಮೊದಲು ಇದನ್ನೆಲ್ಲ ಕೀಳು. ನೋಡೋಕಾಗಲ್ಲ ನನಗೆ."

ಇಬ್ಬರೂ ಸೇರಿ ಚೀಟಿ ಕಿತ್ತರು. ಎತ್ತರದಲ್ಲಿದ್ದದ್ದಕ್ಕೆ ರೇಡಿಯೊ ಸ್ಟೂಲು ಹತ್ತಿದಳು. ಅಂಟು ಗಟ್ಟಿಯಾಗಿತ್ತು, ಉಗುರಿನಿಂದ ಕೆರೆದು ತೆಗೆಯಬೇಕಾಯಿತು. ವಿಳಾಸ ಬರೆದಿದ್ದ ರಟ್ಟನ್ನು ಅಜ್ಜಿ ತಾವೇ ಎರಡು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದರು. "ನಾಳೆಯಿಂದ ಕೆಲಸಕ್ಕೆ ಬರ್ತೀನಿ. ಆ ಡಾಕ್ಟರಮ್ಮ ಬರ್ಲಿ ಇನ್ನೊಂದ್ಸಲ!" ಎಂದರು. ಎಲ್ಲ ಸರಿಹೋಯಿತು ಎಂದುಕೊಂಡಳು ರೇಡಿಯೊ.

ಅಜ್ಜಿ ಬಾಗಿಲು ಎಳೆದು ಬೀಗ ಹಾಕಿದರು. ಎಳೆದು ನೋಡಿದರು. ಬೀಗದ ಕೈಯನ್ನು ಪರ್ಸಿಗೆ ಹಾಕಿದರು. ಇಬ್ಬರೂ ಮೆಟ್ಟಿಲಿಳಿದರು. ಅಮ್ಮನಿಗೆ ಹೇಗೆ ಹೇಳುವುದು, ಎಲ್ಲಿಂದ ಶುರುಮಾಡುವುದು ಎಂದು ರೇಡಿಯೊ ಯೋಚಿಸುತ್ತಿದ್ದಳು.

ಕೆಳಗೆ ಬೀದಿಗೆ ಬಂದು ನಾಲ್ಕು ಹೆಜ್ಜೆ ಇಟ್ಟಿದ್ದ ಅಜ್ಜಿ ನಿಂತುಬಿಟ್ಟರು.

"ಬೀಗ ಹಾಕಿದ್ನಾ?"

"ಹಾಕಿದ್ರಿ ಅಜ್ಜಿ. ನಾನು ನೋಡ್ದೆ. ಎಳೆದೂ ನೋಡಿದ್ರಿ."

ಅಜ್ಜಿ ಅವಳ ಮುಖ ನೋಡಿದರು. ಶುಕ್ರವಾರ ಬೇಕರಿ ಮಾಮನ ಮಾತನ್ನು ತಳ್ಳಿಹಾಕಿ, ತಮಗೆ ಅವಳ ಮೇಲೆ ನಂಬಿಕೆ ಇದೆ ಎಂದಿದ್ದಾಗ ನೋಡಿದ ಹಾಗಲ್ಲ. ಆಮೇಲೆ "ಇರು, ಒಂದ್ಸಲ ನೋಡ್ಕೊಂಡು ಬಂದ್ಬಿಡ್ತೀನಿ," ಎಂದರು.

ಮಂಡಿ ನೋವಿನ ಕಾಲುಗಳನ್ನು ಒಂದೊಂದಾಗಿ ಎತ್ತಿಡುತ್ತಾ, ಆಕೆ ಮತ್ತೆ ಮೆಟ್ಟಿಲು ಹತ್ತಿದರು.

'ನಿಜವಾಗ್ಲೂ ನೋಡಿದೆ ಅಜ್ಜಿ' ಎಂಬ ಮಾತು ರೇಡಿಯೊಳ ನಾಲಿಗೆಯ ತುದಿಗೆ ಬಂದಿತ್ತು. ಅವಳು ಹೇಳಲಿಲ್ಲ. ಅಜ್ಜಿ ಮೇಲೆ ಹೋಗಿ ಬೀಗ ಎಳೆದು ನೋಡಿದ ಶಬ್ದ ಕೆಳಗೆ ಕೇಳಿಸಿತು. ಆಮೇಲೆ ಇನ್ನೊಂದು ಸಲ ಎಳೆದ ಶಬ್ದ. ಅಜ್ಜಿ ಇಳಿದು ಬರುವವರೆಗೂ ಅವಳು ತಲೆ ತಗ್ಗಿಸಿಕೊಂಡು ಅಲ್ಲೇ ಕಾದಳು.